ಡ್ರೈವರ್ ಲೈಸೆನ್ಸಿನ ತಕರಾರು ಮುಗಿಯುವ ತನಕ ಸತ್ತವರ ಮನೆಯವರು ಏಕೆ ಕಾಯಬೇಕು? ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ಮಾನ್ಯ ಗೃಹ ಸಚಿವರಿಗೆ ಮತ್ತು ಭಾರತೀಯ ವಿಮಾ ನಿಯಂತ್ರಣ ಹಾಗೂ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಿಗೆ.

ವಿಷಯ: ಮೋಟಾರು ಅಪಘಾತ ಪರಿಹಾರ ಪ್ರಕರಣಗಳಲ್ಲಿ ಚಾಲನಾ ಪರವಾನಗಿ ಕುರಿತ ತಕರಾರನ್ನು ಆರಂಭದಲ್ಲೇ ಇತ್ಯರ್ಥಪಡಿಸುವ ಬಗ್ಗೆ.

ಮಾನ್ಯರೇ,

ನಾನು ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ಮೂರು ಎಕರೆ ತೋಟವೂ ಅದರ ಕೆಲಸಕ್ಕೆಂದು ಸಾಲ ಮಾಡಿ ಕೊಂಡ ಒಂದು ಪಿಕ್‌ಅಪ್ ವಾಹನವೂ ನನ್ನ ಆಸ್ತಿ. ಈ ಪತ್ರವನ್ನು ಬರೆಯುತ್ತಿರುವವನು ಅಪಘಾತದಲ್ಲಿ ನೊಂದವನಲ್ಲ, ಅಪಘಾತ ಮಾಡಿದ ವಾಹನದ ಮಾಲೀಕ ಎಂಬುದನ್ನು ಮೊದಲೇ ತಿಳಿಸಿಬಿಡುವುದು ಸರಿ. ಓದುವವರು ನನ್ನ ಮಾತನ್ನು ಅಷ್ಟರಮಟ್ಟಿಗೆ ತೂಗಿ ನೋಡಿಕೊಳ್ಳಲಿ.

2021ರ ಜನವರಿಯ ಎರಡನೇ ವಾರ, ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಮೂಟೆಗಳನ್ನು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಇಳಿಸಿ ಸಂಜೆ ಹಿಂತಿರುಗುತ್ತಿದ್ದ ನಮ್ಮ ವಾಹನ ಬೇಲೂರಿನಿಂದ ಬಿಕ್ಕೋಡಿಗೆ ಹೋಗುವ ರಸ್ತೆಯ ತಿರುವೊಂದರಲ್ಲಿ ಎದುರಿನಿಂದ ಬಂದ ಬೈಕಿಗೆ ಬಡಿಯಿತು. ಬೈಕಿನಲ್ಲಿದ್ದವರು ಗಾರೆ ಕೆಲಸ ಮಾಡುತ್ತಿದ್ದ, ಇನ್ನೂ ನಲವತ್ತು ತುಂಬದ ವ್ಯಕ್ತಿ. ಹಾಸನದ ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ತೀರಿಕೊಂಡರು. ತಿರುವಿನಲ್ಲಿ ನಮ್ಮ ಗಾಡಿ ಬಲಕ್ಕೆ ಬಂದದ್ದು ನಿಜ, ತಪ್ಪು ನಮ್ಮ ಕಡೆಯದೇ. ಅದನ್ನು ನಾನು ಅಂದೂ ಅಲ್ಲಗಳೆಯಲಿಲ್ಲ, ಇಂದೂ ಅಲ್ಲಗಳೆಯುವುದಿಲ್ಲ. ವಾಹನಕ್ಕೆ ವಿಮೆ ಚಾಲ್ತಿಯಲ್ಲಿತ್ತು, ಕಂತು ಒಂದು ವರ್ಷವೂ ತಪ್ಪಿರಲಿಲ್ಲ. ಹೋದ ಜೀವಕ್ಕೆ ಬೆಲೆ ಕಟ್ಟಲಾಗದಿದ್ದರೂ ಆ ಮನೆಗೆ ಸೇರಬೇಕಾದ ಹಣವಾದರೂ ಬೇಗ ಸೇರೀತು ಎಂದು ನಂಬಿದ್ದೆ. ಅದು ಸೇರಲು ನಾಲ್ಕೂವರೆ ವರ್ಷ ಹಿಡಿಯಿತು. ತಂದೆ ಸತ್ತಾಗ ನಾಲ್ಕನೇ ತರಗತಿಯಲ್ಲಿದ್ದ ಅವರ ಹಿರಿಯ ಮಗಳು, ಹಣ ಬಂದಾಗ ಒಂಬತ್ತನೇ ತರಗತಿಯಲ್ಲಿದ್ದಳು.

ಈ ವಿಳಂಬಕ್ಕೆ ಕಾರಣ ಒಂದೇ. ನಮ್ಮ ಡ್ರೈವರ್ ಬಳಿ ಇದ್ದದ್ದು ಲಘು ಮೋಟಾರು ವಾಹನದ, ಅಂದರೆ ಎಲ್‌ಎಂವಿ ಲೈಸೆನ್ಸ್. ಪಿಕ್‌ಅಪ್ ಸರಕು ಸಾಗಣೆ ವಾಹನವಾದ್ದರಿಂದ ಅದರಲ್ಲಿ ‘ಟ್ರಾನ್ಸ್‌ಪೋರ್ಟ್’ ಎಂಬ ನಮೂದೂ ಬ್ಯಾಡ್ಜೂ ಇರಬೇಕಿತ್ತು, ಅವಿಲ್ಲದ್ದರಿಂದ ಚಾಲಕನಿಗೆ ಪರವಾನಗಿಯೇ ಇರಲಿಲ್ಲವೆಂದು ತಿಳಿಯಬೇಕು ಎಂದು ವಿಮಾ ಕಂಪನಿ ಆಕ್ಷೇಪಣೆ ಸಲ್ಲಿಸಿತು. ಸರಕು ತುಂಬಿದರೂ ಮೂರು ಟನ್ ಮೀರದ ಗಾಡಿ ಅದು. ಆ ಹುಡುಗ ಅದೇ ಲೈಸೆನ್ಸಿನಲ್ಲಿ ಅದಕ್ಕಿಂತ ಭಾರದ ಸ್ವಂತ ಕಾರನ್ನು ಓಡಿಸಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಹಿಂದುಗಡೆ ಮೂಟೆ ಇಡುವ ತೊಟ್ಟಿ ಇದ್ದ ಮಾತ್ರಕ್ಕೆ ಅವನು ಲೈಸೆನ್ಸ್ ಇಲ್ಲದವನಾದ.

ಈ ಗೊಂದಲದ ಬೇರು ಎಲ್ಲಿದೆ ಎಂಬುದನ್ನು ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಯ ಪಡಸಾಲೆಯಲ್ಲಿ ಕಾದು ಕುಳಿತ ದಿನಗಳಲ್ಲಿ ವಕೀಲರಿಂದ ಕೇಳಿ ಕೇಳಿ ತಿಳಿದುಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯ 2(21)ನೇ ಕಲಮು 7,500 ಕಿಲೋ ಮೀರದ ಸಾಗಣೆ ವಾಹನವನ್ನೂ ಲಘು ಮೋಟಾರು ವಾಹನವೆಂದೇ ಕರೆಯುತ್ತದೆ. ಆದರೆ 3ನೇ ಕಲಮು ಸಾಗಣೆ ವಾಹನ ಓಡಿಸಲು ಲೈಸೆನ್ಸಿನಲ್ಲಿ ಅದಕ್ಕೆಂದೇ ಅನುಮತಿ ಇರಬೇಕೆನ್ನುತ್ತದೆ. 1994ರ ತಿದ್ದುಪಡಿಯಲ್ಲಿ ಮಧ್ಯಮ ಮತ್ತು ಭಾರಿ ವಾಹನಗಳ ನಾಲ್ಕು ವರ್ಗಗಳನ್ನು ತೆಗೆದು ಅವುಗಳ ಜಾಗದಲ್ಲಿ ‘ಸಾಗಣೆ ವಾಹನ’ ಎಂಬ ಒಂದೇ ವರ್ಗವನ್ನು ಇಟ್ಟಾಗ, ಲಘು ವಾಹನವಾಗಿದ್ದುಕೊಂಡೇ ಸಾಗಣೆ ವಾಹನವೂ ಆಗಿರುವ ನಮ್ಮಂಥವರ ಗಾಡಿಗಳು ಎರಡು ವರ್ಗಗಳ ನಡುವೆ ಸಿಕ್ಕಿಕೊಂಡವು. ಈ ಸಿಕ್ಕನ್ನು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2017ರ ಜುಲೈನಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಬಿಡಿಸಿತು. 7,500 ಕಿಲೋ ಒಳಗಿನ ಸಾಗಣೆ ವಾಹನಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕು, ಪ್ರತ್ಯೇಕ ನಮೂದು ಬೇಡ ಎಂದಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೂ ಇದನ್ನು ಪಾಲಿಸುವಂತೆ ರಾಜ್ಯಗಳಿಗೆ ಬರೆಯಿತು.

ನಮ್ಮ ಅಪಘಾತ ನಡೆದದ್ದು ಇದೆಲ್ಲ ಆಗಿ ಸುಮಾರು ಮೂರು ವರ್ಷಗಳ ಬಳಿಕ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಆದರೂ ಠಾಣೆಯಿಂದ ಸಲ್ಲಿಕೆಯಾದ ಆರೋಪಪಟ್ಟಿಯಲ್ಲಿ, ಅಜಾಗರೂಕ ಚಾಲನೆಯ ಕಲಮುಗಳ ಜೊತೆಗೆ, ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕಾಗಿ ಚಾಲಕನ ಮೇಲೆ 3 ಮತ್ತು 181ನೇ ಕಲಮುಗಳನ್ನೂ, ಹಾಗೆ ಓಡಿಸಲು ಬಿಟ್ಟಿದ್ದಕ್ಕಾಗಿ ನನ್ನ ಮೇಲೆ 5 ಮತ್ತು 180ನೇ ಕಲಮುಗಳನ್ನೂ ಸೇರಿಸಲಾಗಿತ್ತು. ಸೇರಿಸುವ ಮೊದಲು ಸಾರಿಗೆ ಕಚೇರಿಯನ್ನು ಯಾರೂ ಕೇಳಿರಲಿಲ್ಲ, ‘ಬ್ಯಾಡ್ಜ್ ಇಲ್ಲ’ ಎಂಬ ಒಂದೇ ಮಾತಿನ ಮೇಲೆ ಬರೆದದ್ದು. ನನ್ನ ಮೇಲಿನದು ಸಣ್ಣ ದಂಡದ ಕೇಸು, ಅಲೆದಾಡುವುದಕ್ಕಿಂತ ಕಟ್ಟಿ ಮುಗಿಸುವುದೇ ಲೇಸು ಎಂದು ನ್ಯಾಯಾಲಯದ ಆವರಣದಲ್ಲಿ ಸಿಕ್ಕ ನಾಲ್ಕಾರು ಮಂದಿ ಬುದ್ಧಿ ಹೇಳಿದರು. ನಾನು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದೆ. ಆ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದಾಗ ಒಂದು ಪೀಡೆ ಕಳೆಯಿತೆಂದೇ ಭಾವಿಸಿದ್ದೆ. ಎಂಟು ತಿಂಗಳ ನಂತರ ವಿಮಾ ಕಂಪನಿಯ ವಕೀಲರು ಪರಿಹಾರದ ಕೇಸಿನಲ್ಲಿ ಅದೇ ತಪ್ಪೊಪ್ಪಿಗೆಯ ದೃಢೀಕೃತ ನಕಲನ್ನು ಹಾಜರುಪಡಿಸಿ, ಲೈಸೆನ್ಸ್ ಇರಲಿಲ್ಲವೆಂದು ಮಾಲೀಕನೇ ಒಪ್ಪಿಕೊಂಡಿದ್ದಾನೆ ಎಂದು ವಾದಿಸಿದರು. ಕೆಲವು ನೂರು ರೂಪಾಯಿಗಳ ಓಡಾಟ ಉಳಿಸಲು ಹೋಗಿ ನಾನು ಸಹಿ ಮಾಡಿದ್ದು ಎಂಥ ಕಾಗದಕ್ಕೆ ಎಂಬುದು ನನಗೆ ಆಗ ಅರ್ಥವಾಯಿತು.

ಮುಂದಿನದು ಸಾಕ್ಷಿಯ ಕಥೆ. ಲೈಸೆನ್ಸಿನ ಷರತ್ತು ಮುರಿದಿದೆ ಎಂಬುದನ್ನು ರುಜುವಾತುಪಡಿಸಬೇಕಾದವರು ವಿಮಾ ಕಂಪನಿಯವರು. ಮುರಿದದ್ದಷ್ಟೇ ಸಾಲದು, ಮಾಲೀಕ ತಿಳಿದೂ ಉಪೇಕ್ಷೆ ಮಾಡಿದ್ದನೆಂದೂ ಆ ಲೋಪವೇ ಅಪಘಾತಕ್ಕೆ ಮುಖ್ಯ ಕಾರಣವಾಯಿತೆಂದೂ ತೋರಿಸಬೇಕು. 2004ರ ಜನವರಿಯಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ದಾರಿ ಇದು. ಇದಕ್ಕಾಗಿ ಕಂಪನಿಯವರು ಲೈಸೆನ್ಸ್ ಕೊಟ್ಟ ಸಾರಿಗೆ ಕಚೇರಿಯ ಅಧಿಕಾರಿಗೆ ಸಮನ್ಸ್ ಕಳುಹಿಸಿದರು. ಮೊದಲ ಸಲ ಸಮನ್ಸ್ ತಲುಪಲಿಲ್ಲ. ಎರಡನೆಯ ಸಲ ಅಧಿಕಾರಿಗೆ ಬೇರೆ ಕೆಲಸವಿತ್ತು. ಮೂರನೆಯ ಸಲ ಬಂದ ಗುಮಾಸ್ತರು ದಾಖಲೆಯನ್ನು ತಂದಿರಲಿಲ್ಲ. ನಾಲ್ಕನೆಯ ಸಲ ಒಂದು ಹಾಳೆಯ ಡಿಎಲ್ ಎಕ್ಸ್‌ಟ್ರಾಕ್ಟ್, ಅಂದರೆ ಕಚೇರಿಯ ದಾಖಲೆಯಲ್ಲಿರುವ ಲೈಸೆನ್ಸ್ ವಿವರದ ಪ್ರತಿ, ಬಂತು. ಅದರಲ್ಲಿ ಇದ್ದದ್ದು ಚಾಲಕನ ಲೈಸೆನ್ಸ್ ಕಾರ್ಡಿನಲ್ಲಿ ಮೊದಲಿನಿಂದಲೂ ಅಚ್ಚಾಗಿದ್ದ ಸಂಗತಿಗಳೇ: ಎಲ್‌ಎಂವಿ, ಕೊಟ್ಟ ದಿನಾಂಕ, ಮುಗಿಯುವ ದಿನಾಂಕ. ಆ ಒಂದು ಹಾಳೆಗಾಗಿ ಹದಿನಾಲ್ಕು ತಿಂಗಳು ಹೋದವು. ಪ್ರತಿ ಮುದ್ದತಿಗೂ ಮೃತರ ಪತ್ನಿ ಒಂದು ದಿನದ ತೋಟದ ಕೂಲಿ ಬಿಟ್ಟು, ಅತ್ತೆಯನ್ನು ಕರೆದುಕೊಂಡು ಬಂದು, ಮಧ್ಯಾಹ್ನದ ಹೊತ್ತಿಗೆ ಮುಂದಿನ ತಾರೀಖು ಕೇಳಿಕೊಂಡು ಹೋಗುತ್ತಿದ್ದರು. ನಾನು ಅದೇ ಪಡಸಾಲೆಯ ಇನ್ನೊಂದು ತುದಿಯಲ್ಲಿ ಕುಳಿತಿರುತ್ತಿದ್ದೆ. ವಾರದ ಸಂತೆಯಲ್ಲಿ ಅವರು ಎದುರಾದರೆ ನಾನೇ ಬೇರೆ ಸಾಲಿಗೆ ತಿರುಗಿಕೊಳ್ಳುತ್ತಿದ್ದ ಕಾಲ ಅದು.

ನ್ಯಾಯಮಂಡಳಿ 2017ರ ತೀರ್ಪನ್ನು ಅನುಸರಿಸಿ ವಿಮಾ ಕಂಪನಿಯೇ ಪರಿಹಾರ ಕೊಡಬೇಕೆಂದು ಆದೇಶಿಸಿತು. ಅಷ್ಟರಲ್ಲಿ, 2022ರ ಮಾರ್ಚ್‌ನಲ್ಲಿ, ಆ ತೀರ್ಪು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಇನ್ನೂ ದೊಡ್ಡ ಸಂವಿಧಾನ ಪೀಠಕ್ಕೆ ಹೋಗಿತ್ತು. ಅದನ್ನೇ ಮುಂದಿಟ್ಟುಕೊಂಡು ಕಂಪನಿ ಮೇಲ್ಮನವಿ ಹಾಕಿ ತಡೆಯಾಜ್ಞೆ ತಂದಿತು. ಮೇಲ್ಮನವಿ ಹಾಕಲು ಕಾಯ್ದೆ ಕಟ್ಟಿಸಿಕೊಳ್ಳುವುದು 25,000 ರೂಪಾಯಿ ಅಥವಾ ಪರಿಹಾರದ ಅರ್ಧ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮಾತ್ರ. ಕಂಪನಿಗೆ ಅದೊಂದು ಮೊತ್ತವೇ ಅಲ್ಲ. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ರಂಭಾ ದೇವಿ ಪ್ರಕರಣದಲ್ಲಿ 2017ರ ನಿಲುವನ್ನೇ ಎತ್ತಿಹಿಡಿಯಿತು. ಎಲ್‌ಎಂವಿ ಲೈಸೆನ್ಸಿನವರು ಸಾಗಣೆ ವಾಹನ ಓಡಿಸುವುದರಿಂದ ಅಪಘಾತಗಳು ಹೆಚ್ಚುತ್ತಿವೆ ಎಂಬುದಕ್ಕೆ ಅಂಕಿಅಂಶಗಳ ಆಧಾರವನ್ನು ತನ್ನ ಮುಂದೆ ಇಟ್ಟಿಲ್ಲವೆಂದೂ ಆ ಪೀಠ ಹೇಳಿತು. ಇ-ರಿಕ್ಷಾ ಮತ್ತು ಅಪಾಯಕಾರಿ ಸರಕು ಸಾಗಿಸುವ ವಾಹನಗಳಂಥವುಗಳಿಗೆ ಇರುವ ವಿಶೇಷ ಷರತ್ತುಗಳು ಮಾತ್ರ ಹಾಗೆಯೇ ಉಳಿದವು. ಕಾಫಿ ಮೂಟೆ ಅಪಾಯಕಾರಿ ಸರಕಲ್ಲವೆಂಬುದನ್ನು ಯಾರೂ ವಿವಾದ ಮಾಡಲಿಲ್ಲ, ಅದೊಂದು ಪುಣ್ಯ. ಈ ತೀರ್ಪಿನ ಬಳಿಕವೂ ನಮ್ಮ ಮೇಲ್ಮನವಿ ಮುಗಿದು ಹಣ ಆ ಮನೆ ಸೇರಲು ಒಂಬತ್ತು ತಿಂಗಳು ಹಿಡಿಯಿತು.

ಮಾನ್ಯರೇ, ನಮ್ಮದೊಂದೇ ಆಗಿದ್ದರೆ ಇದನ್ನು ಹಣೆಬರಹವೆಂದು ಸುಮ್ಮನಾಗುತ್ತಿದ್ದೆ. ಆದರೆ ಅದೇ ಪಡಸಾಲೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತವರ ತಕರಾರುಗಳೂ ಹೆಚ್ಚು ಕಡಿಮೆ ಇದೇ ಜಾತಿಯವು. ಆಲೂಗೆಡ್ಡೆ ಹೇರಿದ ಟ್ರಾಕ್ಟರಿನ ಮಾಲೀಕರೊಬ್ಬರಿದ್ದರು. ಚಾಲಕನಿಗೆ ಟ್ರಾಕ್ಟರ್ ಲೈಸೆನ್ಸ್ ಇದ್ದರೂ ಟ್ರೇಲರ್ ಜೋಡಿಸಿದ್ದರಿಂದ ಅದು ಸರಕು ವಾಹನವಾಯಿತೆಂದು ಅವರ ಕಂಪನಿಯ ಆಕ್ಷೇಪಣೆ. ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಟ್ರಾಕ್ಟರ್ ಲೈಸೆನ್ಸ್ ನಿರರ್ಥಕವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿದ್ದು 2001ರಲ್ಲಿ! ಇಪ್ಪತ್ತು ವರ್ಷಗಳ ಹಿಂದೆ ಉತ್ತರ ಸಿಕ್ಕ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದಕ್ಕೆ ಯಾವ ದಂಡವೂ ಇಲ್ಲವಾದ್ದರಿಂದ ಅದು ನಡೆದೇ ಇದೆ.

ಇನ್ನೊಬ್ಬರು ಅರವತ್ತು ದಾಟಿದ ಲಾರಿ ಚಾಲಕರು. ಅವರದು ಪುಸ್ತಕದ ರೂಪದ ಹಳೆಯ ಲೈಸೆನ್ಸ್, ಬೇರೆ ಜಿಲ್ಲೆಯಲ್ಲಿ ಪಡೆದದ್ದು, ಹಲವು ಬಾರಿ ನವೀಕರಣಗೊಂಡದ್ದು. ಮೂಲ ಕಚೇರಿಯಿಂದ ಬಂದ ಹಿಂಬರಹದಲ್ಲಿ ‘ಸದರಿ ಸಂಖ್ಯೆಯ ದಾಖಲೆ ಲಭ್ಯವಿಲ್ಲ’ ಎಂದಷ್ಟೇ ಇತ್ತು. ಅದನ್ನೇ ಕಂಪನಿಯವರು ‘ಲೈಸೆನ್ಸ್ ನಕಲಿ’ ಎಂದು ಓದಿದರು. ಕಚೇರಿಯ ರಿಜಿಸ್ಟರು ಗೆದ್ದಲು ತಿಂದಿರಬಹುದು, ಕಂಪ್ಯೂಟರಿಗೆ ಏರಿಸುವಾಗ ಬಿಟ್ಟುಹೋಗಿರಬಹುದು. ದಾಖಲೆ ಕಾಪಾಡಬೇಕಾಗಿದ್ದ ಇಲಾಖೆಯ ಲೋಪಕ್ಕೆ ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯ ವಂಚಕನೆನಿಸಿಕೊಂಡು ತಲೆತಗ್ಗಿಸಿ ನಿಲ್ಲಬೇಕಾಯಿತು. ಲೈಸೆನ್ಸ್ ಮೇಲ್ನೋಟಕ್ಕೆ ಸರಿಯಾಗಿದ್ದು ಚಾಲಕ ಚೆನ್ನಾಗಿ ಓಡಿಸುತ್ತಾನೆಂದು ಖಾತ್ರಿಯಾದರೆ ಸಾಕು, ಅದು ಅಸಲಿಯೇ ಎಂದು ಸಾರಿಗೆ ಕಚೇರಿಗೆ ಹೋಗಿ ವಿಚಾರಿಸುವ ಹೊಣೆ ಮಾಲೀಕನದಲ್ಲವೆಂದು 2003ರ ಲೆಹ್ರು ಪ್ರಕರಣದಿಂದ ಹಿಡಿದು ಸುಪ್ರೀಂ ಕೋರ್ಟು ಹೇಳುತ್ತ ಬಂದಿದೆ.

ಕಂಪನಿಯವರ ಮಾತು ಎಲ್ಲ ಕಡೆಯೂ ಪೊಳ್ಳೆಂದು ನಾನು ಹೇಳುವುದಿಲ್ಲ. ಚಿಕ್ಕಮಗಳೂರಿನ ಕಡೆಯ ಒಬ್ಬ ಆಟೋ ಮಾಲೀಕನ ಪ್ರಕರಣದಲ್ಲಿ ಲೈಸೆನ್ಸಿನ ಅವಧಿ ಅಪಘಾತಕ್ಕೆ ಹನ್ನೊಂದು ದಿನ ಮೊದಲು ಮುಗಿದಿತ್ತು. ಹಿಂದೆ ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಊರ್ಜಿತವಾಗಿರುತ್ತಿತ್ತು. 2019ರ ತಿದ್ದುಪಡಿ ಆ ರಿಯಾಯಿತಿಯನ್ನು ತೆಗೆದುಹಾಕಿತು. ಸಾಗಣೆ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದು ಎಲ್ಲರಿಗೂ ಗೊತ್ತು, 30 ದಿನ ಹೋದದ್ದು ಆಟೋ ಸ್ಟ್ಯಾಂಡಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇಲ್ಲಿ ಕಾಯ್ದೆಯ ಅಕ್ಷರ ಕಂಪನಿಯ ಪರವಾಗಿದೆ ಎಂದು ಒಪ್ಪಿಕೊಳ್ಳೋಣ. ಹಾಗಿದ್ದರೂ ಆ ಆಟೋ ಬಡಿದು ಕಾಲು ಮುರಿದುಕೊಂಡ ಮುದುಕಿ ಮಾಡಿದ ತಪ್ಪೇನು? ರಸ್ತೆ ದಾಟುವ ಮೊದಲು ಆಟೋದವನ ಲೈಸೆನ್ಸ್ ನೋಡಬೇಕಿತ್ತೆ?

ಇದಕ್ಕೆ ನ್ಯಾಯಾಲಯಗಳೇ ಒಂದು ದಾರಿ ತೋರಿಸಿವೆ. ಕಂಪನಿ ಮೊದಲು ನೊಂದವರಿಗೆ ಪರಿಹಾರ ಕೊಡಲಿ, ಷರತ್ತು ಮುರಿದದ್ದು ಸಾಬೀತಾದರೆ ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ದಾರಿ ಅದು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಪೂರ್ಣಪೀಠವೂ 2020ರಲ್ಲಿ ಯಲ್ಲವ್ವ ಪ್ರಕರಣದಲ್ಲಿ ಇದನ್ನೇ ಹೇಳಿತು. ವಸೂಲಿ ಎಂದರೆ ನನ್ನಂಥವನಿಗೆ ತೋಟವೇ ಹೋಗುವ ಮಾತು ಎಂಬುದು ನನಗೆ ತಿಳಿಯದೆ ಇಲ್ಲ. ಆ ಭಯದಲ್ಲಿ ರಾತ್ರಿಗಳನ್ನು ಕಳೆದಿದ್ದೇನೆ. ಆದರೂ ನನಗೂ ಕಂಪನಿಗೂ ಇರುವ ಕರಾರಿನ ಜಗಳವನ್ನು ನಾವಿಬ್ಬರೇ ಆಡಿಕೊಳ್ಳಬೇಕು, ಅದು ಮುಗಿಯುವ ತನಕ ಮೂರನೆಯವರ ಒಲೆ ಆರಿರಬಾರದು ಎಂಬುದೇ ನನ್ನ ಅಹವಾಲು.

ಈಗ ತಮ್ಮ ಇಲಾಖೆಯಿಂದ ಆಗಬಹುದಾದ ಕೆಲಸಕ್ಕೆ ಬರುತ್ತೇನೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳ ಪ್ರಕಾರ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳಲ್ಲಿ, ಮಧ್ಯಂತರ ವರದಿಯನ್ನು 50 ದಿನಗಳಲ್ಲಿ, ವಿವರವಾದ ವರದಿಯನ್ನು 90 ದಿನಗಳಲ್ಲಿ ನ್ಯಾಯಮಂಡಳಿಗೆ ಸಲ್ಲಿಸಬೇಕು. ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕೂಡ ನಿರ್ದೇಶಿಸಿತು. ನಮ್ಮದು ಅದಕ್ಕಿಂತ ಹಿಂದಿನ ಅಪಘಾತವಾದ್ದರಿಂದ ಈ ವ್ಯವಸ್ಥೆಯ ಪ್ರಯೋಜನ ನಮಗೆ ಸಿಗಲಿಲ್ಲ. ಈಗಿನವರಿಗಾದರೂ ಸಿಗಬೇಕಾದರೆ ಆ ವಿವರವಾದ ವರದಿಯ ಜೊತೆಗೆ ಸಾರಿಗೆ ಕಚೇರಿಯ ಮುದ್ರೆ ಇರುವ ಡಿಎಲ್ ಎಕ್ಸ್‌ಟ್ರಾಕ್ಟ್ ಇರಲೇಬೇಕು. ಅದರಲ್ಲಿ ವಾಹನದ ಒಟ್ಟು ತೂಕ, ಅಪಘಾತದ ದಿನ ಲೈಸೆನ್ಸ್ ಚಾಲ್ತಿಯಲ್ಲಿತ್ತೇ ಇಲ್ಲವೇ, 2024ರ ತೀರ್ಪಿನ ಪ್ರಕಾರ ಆ ಲೈಸೆನ್ಸಿಗೆ ಆ ವಾಹನ ಒಳಪಡುತ್ತದೆಯೇ ಎಂಬ ಮೂರು ಸಂಗತಿಗಳು ನಮೂದಾಗಿರಬೇಕು. ಠಾಣೆಯಿಂದ ಕೋರಿಕೆ ತಲುಪಿದ ಹದಿನೈದು ದಿನಗಳಲ್ಲಿ ಇದನ್ನು ಕೊಡುವಂತೆ ತಾವು ಒಂದು ಸುತ್ತೋಲೆ ಹೊರಡಿಸಿದರೆ ಸಮನ್ಸು, ಗುಮಾಸ್ತರ ಪ್ರಯಾಣ, ಹದಿನಾಲ್ಕು ತಿಂಗಳ ಮುದ್ದತಿಗಳು ಬಹುಪಾಲು ತಪ್ಪುತ್ತವೆ.

ಇಲಾಖೆಯ ಬಳಿ ಹಳೆಯ ದಾಖಲೆ ಇಲ್ಲದಿದ್ದಾಗ ‘ಲಭ್ಯವಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು, ಆ ಅವಧಿಯ ರಿಜಿಸ್ಟರ್ ಕಚೇರಿಯಲ್ಲಿ ಇದೆಯೇ, ಇದ್ದೂ ಹೆಸರಿಲ್ಲವೇ, ಅಥವಾ ರಿಜಿಸ್ಟರೇ ಇಲ್ಲವೇ ಎಂದು ಸ್ಪಷ್ಟವಾಗಿ ಬರೆಯಲು ಅಧಿಕಾರಿಗಳಿಗೆ ಸೂಚಿಸಬೇಕು. ಈ ಎರಡು ಸಾಲುಗಳ ಮೇಲೆ ಒಬ್ಬ ಚಾಲಕನ ಮಾನ ನಿಂತಿರುತ್ತದೆ.

ಗೃಹ ಸಚಿವರಲ್ಲಿ ನನ್ನ ವಿನಂತಿ ಇಷ್ಟು: ಸಾರಿಗೆ ಕಚೇರಿಯ ಉತ್ತರ ಬರುವ ಮೊದಲೇ ಆರೋಪಪಟ್ಟಿಗೆ ಲೈಸೆನ್ಸಿನ ಕಲಮುಗಳನ್ನು ಸೇರಿಸುವ ರೂಢಿಯನ್ನು ನಿಲ್ಲಿಸಬೇಕು. ಎಲ್‌ಎಂವಿ ಲೈಸೆನ್ಸ್ ಇರುವವನು 7,500 ಕಿಲೋ ಒಳಗಿನ ಗಾಡಿ ಓಡಿಸಿದ್ದಕ್ಕೆ 181ನೇ ಕಲಮು ಹಾಕುವುದು ಈಗ ಕಾನೂನಿಗೇ ವಿರುದ್ಧ ಎಂಬುದನ್ನು ಪ್ರತಿ ಠಾಣೆಗೂ ಲಿಖಿತವಾಗಿ ತಿಳಿಸಬೇಕು. ವಿಮಾ ಪ್ರಾಧಿಕಾರದ ಅಧ್ಯಕ್ಷರು, ಎಲ್‌ಎಂವಿ ತಕರಾರೊಂದನ್ನೇ ಆಧಾರವಾಗಿಟ್ಟುಕೊಂಡು ಬಾಕಿ ಇರುವ ಮೇಲ್ಮನವಿಗಳನ್ನು ಕಂಪನಿಗಳು ತಾವಾಗಿಯೇ ಹಿಂಪಡೆಯುವಂತೆ, ಇಲ್ಲವೇ ಮುಂದಿನ ಲೋಕ ಅದಾಲತ್‌ನಲ್ಲಿ ಇತ್ಯರ್ಥಪಡಿಸಿಕೊಳ್ಳುವಂತೆ ಸೂಚಿಸಬೇಕು. ಪಾಲಿಸಿ ಮಾರುವಾಗ ಏಜೆಂಟರು ಕಂತಿನ ರಿಯಾಯಿತಿಯನ್ನು ಎರಡು ಸಲ ಹೇಳುತ್ತಾರೆ, ಯಾವ ಲೈಸೆನ್ಸಿನವನು ಓಡಿಸಿದರೆ ಪಾಲಿಸಿ ಊರ್ಜಿತವಾಗಿರುತ್ತದೆ ಎಂಬುದನ್ನು ಒಂದು ಸಲವೂ ಹೇಳುವುದಿಲ್ಲ. ಅದನ್ನು ಪಾಲಿಸಿಯ ಮೊದಲ ಪುಟದಲ್ಲಿ ಕನ್ನಡದಲ್ಲಿ ಅಚ್ಚು ಮಾಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಲೈಸೆನ್ಸಿನ ಅವಧಿ ಮುಗಿಯುವ ಎರಡು ತಿಂಗಳ ಮೊದಲು ಚಾಲಕನ ಮೊಬೈಲಿಗೆ ಒಂದು ಕನ್ನಡ ಸಂದೇಶ ಕಳುಹಿಸುವುದು ತಮ್ಮ ಇಲಾಖೆಗೂ ದೊಡ್ಡ ಕೆಲಸವಾಗಲಾರದು.

ನನ್ನ ತಪ್ಪನ್ನೂ ಇಲ್ಲಿ ಬರೆದಿಡುತ್ತೇನೆ. ಆ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡಾಗ ಅವನ ಲೈಸೆನ್ಸನ್ನು ನೋಡಿದ್ದೆ, ಫೋಟೋ ಸರಿಯಿದೆಯೇ ಎಂದು ನೋಡಿದ್ದೆ, ಅದರ ಹಿಂದಿನ ಅಕ್ಷರಗಳ ಅರ್ಥ ಕೇಳಲಿಲ್ಲ. ಅಪಘಾತದ ನಂತರ ಅವನು ಮತ್ತೆ ಗಾಡಿ ಹತ್ತಲಿಲ್ಲ, ಈಗ ತೋಟದಲ್ಲಿ ಮೆಣಸು ಕೊಯ್ಲಿಗೆ ಹೋಗುತ್ತಾನೆ. ಪಿಕ್‌ಅಪ್‌ ಓಡಿಸಲು ಈಗ ಇರುವ ಡ್ರೈವರಿನ ಲೈಸೆನ್ಸ್ ನಕಲು, ಗಾಡಿಯ ನೋಂದಣಿ ವಿವರದ ಬಿ ಎಕ್ಸ್‌ಟ್ರಾಕ್ಟ್, ಗಾಡಿ ಓಡಿಸಲು ಯೋಗ್ಯವೆಂಬ ಎಫ್‌ಸಿ, ವಿಮಾ ಪಾಲಿಸಿ ನಾಲ್ಕೂ ಒಂದೇ ಫೈಲಿನಲ್ಲಿ ನಮ್ಮ ಮನೆಯ ಗೋಡೆಗೆ ನೇತುಬಿದ್ದಿವೆ.

ನಮ್ಮ ಪ್ರಕರಣದ ಕಾಗದಪತ್ರಗಳೆಲ್ಲ, ಆ ದಂಡದ ರಸೀದಿಯೂ ಸೇರಿ, ನನ್ನ ಬಳಿ ಇವೆ. ತಮ್ಮ ಇಲಾಖೆಯ ಅಧಿಕಾರಿಗಳು ಹಾಸನಕ್ಕೋ ಬೆಂಗಳೂರಿಗೋ ಬರಹೇಳಿದರೆ ಅವುಗಳನ್ನು ಹಿಡಿದುಕೊಂಡು ಬರಲು ಸಿದ್ಧನಿದ್ದೇನೆ. ಮೃತರ ಪತ್ನಿಯವರನ್ನೂ ಕೇಳಿದೆ. ಕೊಯ್ಲಿನ ದಿನಗಳು ಬೇಡ, ಯುಗಾದಿ ಕಳೆದ ಮೇಲಾದರೆ ತಾವೂ ಬರುವುದಾಗಿ ಹೇಳಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಾಹನ ಮಾಲೀಕ,
ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ.